ಇಪ್ಪತ್ತೆಂಟು ಇಂಚು ಎಂದರೆ ಎಷ್ಟು?

ಬೌರಿಂಗ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲೇ ಬಂಗಾರಪೇಟೆಗೆ ಅಳತೆ ಹೊಂದದ ಚಕ್ರಗಳ ತಾಪತ್ರಯ ಗೊತ್ತಿತ್ತು. 1894ರಲ್ಲಿ ಇಲ್ಲಿಂದ ಕೋಲಾರ ಚಿನ್ನದ ಗಣಿಗಳ (ಕೆಜಿಎಫ್) ಕಡೆಗೆ ಹತ್ತು ಮೈಲಿಯ ಕವಲು ಹಳಿ ಬಿತ್ತು. ಅದು ಬ್ರಾಡ್‌ಗೇಜ್, ಹಳಿಗಳ ನಡುವೆ 1,676 ಮಿ.ಮೀ. ಆಮೇಲೆ 1910ರ ದಶಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಇನ್ನೊಂದು ಹಳಿ ಹೋಯಿತು. ಅದು ನ್ಯಾರೋಗೇಜ್, 762 ಮಿ.ಮೀ. ಒಂದೇ ನಿಲ್ದಾಣ, ಎರಡು ಅಳತೆ. ಇದರ ವ್ಯಾಗನ್ ಅದರ ಹಳಿಯ ಮೇಲೆ ಕೂರುವುದಿಲ್ಲ, ಅದರದ್ದು ಇದರ ಮೇಲೆ ನಿಲ್ಲುವುದಿಲ್ಲ.

ಆ ಸಣ್ಣ ಹಳಿ ಈಗ ಬ್ರಾಡ್‌ಗೇಜ್ ಆಗಿದೆ. ಸೈಕಲ್ ಅಂಗಡಿಯಲ್ಲಿ ಮಾತ್ರ ಅಳತೆಯ ಜಗಳ ಇನ್ನೂ ಮುಗಿದಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಲ್ಲಿ ಒಬ್ಬರು, ಅಲ್ಲಿ ಯಾರೋ ಮಾರುತ್ತಿದ್ದ ಹಳೆಯ ರೋಡ್ ಬೈಕ್ ಒಂದನ್ನು ಕೊಂಡು ತಂದರು ಎಂದಿಟ್ಟುಕೊಳ್ಳೋಣ. ಬಾಗಿದ ಹ್ಯಾಂಡಲ್, ತೆಳು ಟಯರು, ಒಳ್ಳೆಯ ಫ್ರೇಮ್. ಗೇರೂ ಪರವಾಗಿಲ್ಲ. ಹಾಳಾಗಿರುವುದು ಚಕ್ರ. ಹಿಂದಿನದು ಬೆಂಡಾಗಿ ಸುತ್ತಿಗೊಮ್ಮೆ ಬ್ರೇಕ್ ರಬ್ಬರಿಗೆ ತಾಗುತ್ತದೆ, ಕಡ್ಡಿಗಳು ತುಕ್ಕು ಹಿಡಿದಿವೆ, ಹಬ್ಬಿನೊಳಗೆ ಗುಂಡುಗಳು ಕರಕರ ಎನ್ನುತ್ತವೆ. ರಾಬರ್ಟ್‌ಸನ್‌ಪೇಟೆಯ ಸೈಕಲ್ ಅಂಗಡಿಗೆ ಹೋಗಿ ‘ಇಪ್ಪತ್ತೆಂಟಿಂಚಿನ ರಿಮ್ ಕೊಡಿ’ ಎನ್ನುತ್ತಾರೆ. ಅಂಗಡಿಯವರು ಇಪ್ಪತ್ತೆಂಟಿಂಚಿನ ರಿಮ್ಮನ್ನೇ ಕೊಡುತ್ತಾರೆ. ಮನೆಗೆ ತಂದು ನೋಡಿದರೆ ಟಯರು ಅದರ ಮೇಲೆ ಏರುವುದೇ ಇಲ್ಲ.

ಇಬ್ಬರ ಮಾತೂ ಸುಳ್ಳಲ್ಲ. ಸುಳ್ಳು ಹೇಳುತ್ತಿರುವುದು ಇಂಚು.

ಹಾಲು ಹಾಕುವವರು, ಪೋಸ್ಟ್‌ಮ್ಯಾನ್‌ಗಳು ತಲೆಮಾರುಗಟ್ಟಲೆ ತುಳಿದ ಕಪ್ಪು ಸೈಕಲ್ಲಿನ ಚಕ್ರವನ್ನು 28 × 1½ ಎನ್ನುತ್ತಾರೆ. ಟಯರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ ಅದರಲ್ಲಿ 635 ಮಿ.ಮೀ. ರೋಡ್ ಬೈಕಿನ ಚಕ್ರವನ್ನೂ ಎಷ್ಟೋ ಕಡೆ 28 ಇಂಚು ಎಂದೇ ಕರೆಯುತ್ತಾರೆ. ಅದರಲ್ಲಿ ಅದೇ ವ್ಯಾಸ 622. ಹದಿಮೂರು ಮಿಲಿಮೀಟರಿನ ವ್ಯತ್ಯಾಸ. ಕಣ್ಣಿಗೆ ಅಷ್ಟಾಗಿ ಕಾಣದು, ಟಯರಿನ ತಂತಿಗೆ ಚೆನ್ನಾಗಿ ಗೊತ್ತಾಗುತ್ತದೆ. ಇವೆರಡರ ನಡುವೆ 27 ಇಂಚು ಎಂಬುದೊಂದಿದೆ. ಅದರ ವ್ಯಾಸ 630. ಅಂದರೆ ಹೆಸರಿನಲ್ಲಿ 27 ಆದದ್ದು, ಹೆಸರಿನಲ್ಲಿ 28 ಆದ 622ಕ್ಕಿಂತ ದೊಡ್ಡದು! ಇಷ್ಟು ಸಾಲದು ಎಂಬಂತೆ ಈಗಿನ ಮೌಂಟನ್ ಬೈಕಿನವರು ಅದೇ 622ಕ್ಕೆ 29 ಇಂಚು ಎಂದು ಹೆಸರಿಟ್ಟಿದ್ದಾರೆ. 26 ಇಂಚಿನ ಕಥೆ ಇನ್ನೂ ಗೋಜಲು. ಆ ಒಂದೇ ಹೆಸರಿನಡಿ 590, 584, 559 ಮೂರೂ ಮಾರಾಟವಾಗುತ್ತವೆ.

ಈ ಅವಾಂತರದ ಬೇರು ಹಳೆಯ ಫ್ರೆಂಚ್ ಲೆಕ್ಕದಲ್ಲಿದೆ. ರೋಡ್ ಬೈಕಿನ ಟಯರಿನ ಮೇಲೆ 700ಸಿ ಎಂದು ಬರೆದಿರುತ್ತದಲ್ಲ, ಅಲ್ಲಿ 700 ಎಂಬುದು ಗಾಳಿ ತುಂಬಿದ ಟಯರು ಸಮೇತ ಚಕ್ರದ ಹೊರವ್ಯಾಸ, ಮಿಲಿಮೀಟರಿನಲ್ಲಿ. ಪಕ್ಕದ ಅಕ್ಷರ ಟಯರಿನ ದಪ್ಪ: ಎ ತೆಳುವು, ಬಿ ಅದಕ್ಕಿಂತ ದಪ್ಪ, ಸಿ ಇನ್ನೂ ದಪ್ಪ. ಹೊರಗಿನ ಅಳತೆ ಬದಲಾಗಬಾರದು ಎಂದರೆ ಟಯರು ದಪ್ಪವಾದಷ್ಟೂ ರಿಮ್ ಕಿರಿದಾಗಬೇಕು. ಹಾಗಾಗಿ ಎ 642, ಬಿ 635, ಸಿ 622. ಬಿ ಯಾವುದೆಂದು ಗಮನಿಸಿದಿರಾ? ನಮ್ಮ ಹಾಲಿನವರ ಸೈಕಲ್ಲೇ. ದಪ್ಪ ಟಯರಿಗೆಂದು ಹುಟ್ಟಿದ ಸಿ ರಿಮ್ಮಿನ ಮೇಲೆ ಮುಂದೆ ರೇಸಿನವರು ಬೆರಳು ದಪ್ಪದ ಟಯರು ಹಾಕಿದರು. ಹೊರವ್ಯಾಸ 670ರ ಆಸುಪಾಸಿಗೆ ಇಳಿಯಿತು, 700 ಎಂಬ ಹೆಸರು ಅಲ್ಲೇ ಉಳಿಯಿತು.

ಆದ್ದರಿಂದ ಇಂಚನ್ನು ಮರೆತು ಹಳೆಯ ಟಯರಿನ ಪಕ್ಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಬೇಕು. 25-622 ಅಥವಾ 32-630 ಎಂಬಂಥ ಜೋಡಿ ಸಂಖ್ಯೆ ಉಬ್ಬಕ್ಷರದಲ್ಲಿರುತ್ತದೆ. ಮೊದಲಿನದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅಂಗಡಿಯಲ್ಲಿ ಕೇಳಬೇಕಾದ್ದು ಆ ಎರಡನೆಯ ಸಂಖ್ಯೆಯನ್ನು.

ಅದು 622 ಆಗಿದ್ದರೆ ದಾರಿ ಸಲೀಸು. 630 ಆಗಿದ್ದರೆ ಸ್ವಲ್ಪ ಯೋಚಿಸಬೇಕು. 1970–80ರ ದಶಕದ ರೋಡ್ ಬೈಕ್‌ಗಳಲ್ಲಿ ಈ ಅಳತೆ ಸಾಮಾನ್ಯವಾಗಿತ್ತು. ಈಗ ಅದಕ್ಕೆ ಒಳ್ಳೆಯ ಟಯರು ಹುಡುಕುವುದೇ ಒಂದು ಕೆಲಸ. ಹೇಗೂ ಚಕ್ರ ಬದಲಿಸುವವರು 622ಕ್ಕೆ ಇಳಿಯುವುದು ಜಾಣತನ. ಎರಡರ ವ್ಯಾಸದ ಅಂತರ 8 ಮಿ.ಮೀ., ಅಂದರೆ ರಿಮ್ಮಿನ ಅಂಚು ಬ್ರೇಕಿನಿಂದ 4 ಮಿ.ಮೀ. ಕೆಳಗೆ ಹೋಗುತ್ತದೆ. ಬ್ರೇಕ್ ರಬ್ಬರನ್ನು ಅದರ ತೋಳಿನ ಸೀಳಿನಲ್ಲಿ ಅಷ್ಟು ಕೆಳಗಿಳಿಸಲು ಜಾಗವಿದೆಯೇ ಎಂಬುದೊಂದೇ ಪ್ರಶ್ನೆ. ಹಳೆಯ ಸೈಕಲ್ಲಿನ ಬ್ರೇಕಿನ ತೋಳುಗಳು ಉದ್ದವಾಗಿರುವುದರಿಂದ ಬಹುಪಾಲು ಇರುತ್ತದೆ. ಸ್ನೇಹಿತರ ರೋಡ್ ಬೈಕಿನ ಮುಂದಿನ ಚಕ್ರವನ್ನು ಹತ್ತು ನಿಮಿಷ ಎರವಲು ತಂದು ಸಿಕ್ಕಿಸಿ ನೋಡಿದರೆ ಅನುಮಾನ ಪರಿಹಾರ. ಇದರಲ್ಲೊಂದು ಲಾಭವೂ ಇದೆ. ಇಳಿದ 4 ಮಿ.ಮೀ. ಫೋರ್ಕಿನ ಕೆಳಗೆ ಖಾಲಿ ಜಾಗವಾಗುತ್ತದೆ, ಅಲ್ಲಿ ಇನ್ನಷ್ಟು ದಪ್ಪ ಟಯರು ಹಿಡಿಸುತ್ತದೆ. ಬಂಗಾರಪೇಟೆಯಿಂದ ಬೂದಿಕೋಟೆಗೋ ಬೇತಮಂಗಲಕ್ಕೋ ಹೋಗುವವರು ಇದನ್ನು ವರವೆಂದೇ ತಿಳಿಯಬಹುದು.

ಮುಂದಿನದು ಹಬ್ಬಿನ ಅಗಲ. ಹಿಂದಿನ ಚಕ್ರ ಬಿಚ್ಚಿ, ಫ್ರೇಮಿನ ಎರಡು ತುದಿಗಳ ಒಳ ಅಂಚುಗಳ ನಡುವಿನ ಅಂತರ ಅಳೆಯಬೇಕು. ಐದು ಗೇರಿನ ಕಾಲದವಾದರೆ 120 ಮಿ.ಮೀ., ಆರೇಳು ಗೇರಿನವು 126, ಎಂಟರಿಂದ ಹನ್ನೊಂದರವರೆಗಿನವು 130. ಡಿಸ್ಕ್ ಬ್ರೇಕ್ ಬಂದ ಮೇಲೆ 135, 142 ಆಯಿತು. ಅವು ಈ ಕಥೆಗೆ ಬೇಡ. ಮುಂದಿನ ಚಕ್ರಕ್ಕೆ 100.

ಅಳೆಯುವ ಕೈಗೆ ಗಣಿಯೂರಾದ ಕೆಜಿಎಫ್‌ನಲ್ಲಿ ಬರವಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಕೆಜಿಎಫ್ ಬದುಕಿದ್ದು ಫಿಟ್ಟರು, ಟರ್ನರುಗಳ ಕೈಚಳಕದಿಂದಲೂ ಹೌದು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ ಗಣಿಗೆ ಜನರನ್ನು ಇಳಿಸಿ ಎತ್ತುವ ಯಂತ್ರಗಳಲ್ಲಿ ಮಿಲಿಮೀಟರಿನ ಅಸಡ್ಡೆಗೂ ಜಾಗವಿರಲಿಲ್ಲ. 1964ರಲ್ಲಿ ಹುಟ್ಟಿದ ಬಿಇಎಂಎಲ್‌ನ ಇಲ್ಲಿನ ಕಾರ್ಖಾನೆ ಬುಲ್ಡೋಜರ್ ಮಾಡುತ್ತದೆ. ಓಣಿಗೊಬ್ಬರಾದರೂ ವರ್ನಿಯರ್ ಕ್ಯಾಲಿಪರ್ ಹಿಡಿಯಬಲ್ಲವರು ಸಿಗುವ ಊರು ಇದು. ರೋಡ್ ಬೈಕಿನ ಹೆಸರೇ ಕೇಳದ ನಿವೃತ್ತ ಫಿಟ್ಟರೊಬ್ಬರು ‘126 ಇದೆ ನೋಡಪ್ಪ’ ಎಂದರೆ, ಬೆಂಗಳೂರಿನ ಗಾಜಿನ ಮಳಿಗೆಯಲ್ಲಿ ಕಣ್ಣಳತೆಯಲ್ಲಿ ಹೇಳಿದ ಮಾತಿಗಿಂತ ಅದನ್ನೇ ನಂಬಬಹುದು.

126ರ ಫ್ರೇಮಿಗೆ 130ರ ಚಕ್ರ ಹಾಕಬಹುದೇ? ಫ್ರೇಮ್ ಉಕ್ಕಿನದಾದರೆ ಹಾಕಬಹುದು. ಒಂದೊಂದು ಪಕ್ಕಕ್ಕೆ ಎರಡೆರಡು ಮಿಲಿಮೀಟರ್ ಅಗಲಿಸಿದರೆ ಉಕ್ಕು ಬಾಗಿ ಅಲ್ಲೇ ನಿಲ್ಲುತ್ತದೆ. ಬಲ್ಲವರು ಇದನ್ನು ದಾರ ಕಟ್ಟಿ, ಎರಡೂ ಪಕ್ಕ ಸಮ ಬಂತೇ ಎಂದು ನೋಡುತ್ತಾ ಮಾಡುತ್ತಾರೆ. ಅಲ್ಯೂಮಿನಿಯಂ ಫ್ರೇಮಿಗೆ ಈ ಸಾಹಸ ಕೂಡದು, ಬೆಸುಗೆಯ ಹತ್ತಿರ ಬಿರುಕು ಬಿಡುತ್ತದೆ. ಕಾರ್ಬನ್ ಫ್ರೇಮಿನ ವಿಷಯ ಎತ್ತುವುದೇ ಬೇಡ. ಯಾವುದು ಯಾವುದೆಂದು ತಿಳಿಯದಿದ್ದರೆ ಒಂದು ಸಣ್ಣ ಅಯಸ್ಕಾಂತ ಸಾಕು. ಉಕ್ಕಿಗೆ ಹಿಡಿಯುತ್ತದೆ, ಉಳಿದೆರಡಕ್ಕೆ ಇಲ್ಲ.

ಇನ್ನು ಹಲ್ಲುಚಕ್ರಗಳ ಗೊಂಚಲು. ಹಳೆಯ ಪದ್ಧತಿಯಲ್ಲಿ ಹಬ್ಬಿಗೆ ತಿರುಪಿನ ಮರೆ ಇರುತ್ತದೆ, ಫ್ರೀವೀಲ್ ಅದರ ಮೇಲೆ ತಿರುಗಿಸಿ ಕೂರಿಸುವಂಥದ್ದು. ಹೊಸದರಲ್ಲಿ ಫ್ರೀವೀಲಿನ ಕೆಲಸ ಹಬ್ಬಿನೊಳಗೇ ಸೇರಿಹೋಗಿದೆ, ಹೊರಗೆ ಜಾರಿಸಿ ಕೂರಿಸುವುದು ಬರೀ ಹಲ್ಲುಗಳ ಕ್ಯಾಸೆಟ್. ಗುರುತಿಸುವುದು ಸುಲಭ. ಚಕ್ರವನ್ನು ಹಿಡಿದುಕೊಂಡು ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಬೇಕು. ನಡುವೆ ಬಿಚ್ಚುವ ಉಪಕರಣ ಕೂರುವ ಗೀರುಗಳೂ ಜೊತೆಗೆ ತಿರುಗಿದರೆ ಕ್ಯಾಸೆಟ್, ಅವು ಸುಮ್ಮನೆ ನಿಂತರೆ ಫ್ರೀವೀಲ್.

ಎರಡರಲ್ಲಿ ಯಾವುದು ಮೇಲು ಎಂಬುದಕ್ಕೆ ಅಚ್ಚು ಉತ್ತರ ಕೊಡುತ್ತದೆ. ಮರೆಯ ಫ್ರೀವೀಲ್ ಇರುವ ಹಬ್ಬಿನಲ್ಲಿ ಬಲಗಡೆಯ ಗುಂಡುಗಳು ಬಹಳ ಒಳಗಿರುತ್ತವೆ. ಅಲ್ಲಿಂದ ಫ್ರೇಮಿನವರೆಗೆ ಅಚ್ಚು ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಗೇರು ಹೆಚ್ಚಿದಷ್ಟೂ ಈ ಚಾಚು ಉದ್ದ. ಹೊಂಡಕ್ಕೆ ಇಳಿದಾಗಲೆಲ್ಲ ಅಲ್ಲೇ ಬಾಗಿ, ಕೊನೆಗೆ ಅಲ್ಲೇ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಗುಂಡುಗಳನ್ನು ಫ್ರೇಮಿನ ತುದಿಗೆ ತಂದಿಟ್ಟಿದ್ದಾರೆ, ತಾಪತ್ರಯ ತಪ್ಪಿತು. ಹಾಗೆಂದು ಆರು ಗೇರಿನ ಹಳೆಯ ಫ್ರೇಮಿನವರೆಲ್ಲ ಕ್ಯಾಸೆಟ್ಟಿಗೆ ಹಾರಬೇಕಿಲ್ಲ. ಹಾರಿದರೆ ಫ್ರೇಮ್ ಅಗಲಿಸಬೇಕು, ಹಲ್ಲು, ಚೈನು, ಕೆಲವೊಮ್ಮೆ ಗೇರಿನ ಹಿಡಿಯೂ ಬದಲಾಗಬೇಕು. ಮೈ ಹಗುರವಿರುವವರು, ಬೆನ್ನಿಗೆ ಮೂಟೆ ಹೊರದವರು ಫ್ರೀವೀಲ್ ಹಬ್ಬಿನಲ್ಲೇ ವರ್ಷಗಟ್ಟಲೆ ಸುಖವಾಗಿ ಓಡಿಸುತ್ತಾರೆ.

ಮೊದಲೇ ಕ್ಯಾಸೆಟ್ ಇರುವ ಬೈಕಾದರೆ ಸಮಾಧಾನ. ಶಿಮಾನೋ ಕಂಪನಿಯ ಎಂಟು, ಒಂಬತ್ತು, ಹತ್ತು ಗೇರಿನ ಕ್ಯಾಸೆಟ್‌ಗಳು ಕೂರುವ ಬುಡ ಹೆಚ್ಚುಕಮ್ಮಿ ಒಂದೇ. ಹನ್ನೊಂದು ಗೇರಿನ ರೋಡ್ ಹಬ್ಬಿನ ಬುಡ ಅದಕ್ಕಿಂತ 1.85 ಮಿ.ಮೀ. ಹೆಚ್ಚು ಉದ್ದ. ಅಷ್ಟೇ ದಪ್ಪದ ವಾಷರನ್ನು ಹಿಂದೆ ಇಟ್ಟರೆ ಹಳೆಯ ಕ್ಯಾಸೆಟ್ ಅದರ ಮೇಲೂ ಕೂರುತ್ತದೆ. ಆದರೆ ಹಳೆಯ ಚಿಕ್ಕ ಬುಡದ ಮೇಲೆ ಹನ್ನೊಂದರ ರೋಡ್ ಕ್ಯಾಸೆಟ್ ಕೂರದು. ಇಟಲಿಯ ಕಂಪಾನ್ಯೋಲೋ ಹಬ್ಬಿನ ಗೀರುಗಳೇ ಬೇರೆ, ಅದಕ್ಕೂ ಶಿಮಾನೋಗೂ ಸಂಬಂಧವಿಲ್ಲ.

ಅಳತೆ ಮುಗಿಯಿತು. ಇನ್ನು ಆಯ್ಕೆ.

ಹಳೆಯ ರಿಮ್ ಕ್ರೋಮ್ ಬಳಿದ ಉಕ್ಕಿನದಾಗಿದ್ದರೆ, ಚಕ್ರ ನೆಟ್ಟಗಿದ್ದರೂ ಬದಲಿಸಬೇಕು. ನೆನೆದ ಉಕ್ಕಿನ ಮೇಲೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಮಳೆಯಲ್ಲಿ ಬ್ರೇಕ್ ಒತ್ತಿದರೂ ಸೈಕಲ್ಲು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಅಲ್ಯೂಮಿನಿಯಂ ರಿಮ್ಮಿಗೆ ಬದಲಾದರೆ ಆಗುವ ದೊಡ್ಡ ಅನುಕೂಲ ತೂಕದ್ದಲ್ಲ, ನಿಲ್ಲಿಸುವ ಶಕ್ತಿಯದ್ದು. ತೂಕದ ವಿಷಯದಲ್ಲಿ ಅಂಗಡಿಯವರ ವರ್ಣನೆಗೆ ಸ್ವಲ್ಪ ಉಪ್ಪು ಕಡಿಮೆ ಮಾಡಿಕೊಂಡೇ ಕೇಳಬೇಕು. ಸವಾರ, ಸೈಕಲ್ ಸೇರಿ 80 ಕೆ.ಜಿ. ಇದ್ದರೆ ಚಕ್ರದಲ್ಲಿ ಅರ್ಧ ಕೆ.ಜಿ. ಉಳಿಸಿದ್ದು ಶೇಕಡ ಒಂದೂ ಆಗುವುದಿಲ್ಲ. ತಿರುಗುವ ಭಾರ ಎರಡರಷ್ಟು ಲೆಕ್ಕ ಎನ್ನುತ್ತಾರೆ. ಅದು ವೇಗ ಹೆಚ್ಚಿಸುವ ಗಳಿಗೆಯಲ್ಲಿ, ಭಾರವೆಲ್ಲ ರಿಮ್ಮಿನ ಅಂಚಿನಲ್ಲಿದ್ದರೆ ಮಾತ್ರ ನಿಜ. ಒಂದೇ ವೇಗದಲ್ಲಿ ಹೋಗುವಾಗ ಆ ಲೆಕ್ಕಕ್ಕೆ ಅರ್ಥವಿಲ್ಲ. ಆ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಟಯರು ಕೊಂಡರೆ ಕಾಲಿಗೆ ಅದರ ಉಪಕಾರ ಬೇಗ ತಿಳಿಯುತ್ತದೆ.

ಕೆಜಿಎಫ್‌ನಂಥ ಊರಿನಲ್ಲಿ ನಿಜವಾಗಿ ಎಣಿಸಬೇಕಾದ್ದು ಕಡ್ಡಿಗಳನ್ನು. ರೇಸಿಗೆಂದು ಮಾಡಿದ ಚಕ್ರದಲ್ಲಿ ಇಪ್ಪತ್ತೋ ಇಪ್ಪತ್ನಾಲ್ಕೋ ಕಡ್ಡಿ, ಅದೂ ಆ ಕಂಪನಿಯವೇ ಆಗಬೇಕು, ಚಪ್ಪಟೆ, ನೇರ ತಲೆಯವು. ಅವುಗಳಲ್ಲಿ ಒಂದು ಮುರಿದರೆ ಉಳಿದವುಗಳ ಮೇಲೆ ಭಾರ ಬಿದ್ದು ರಿಮ್ ಒಮ್ಮೆಗೇ ಸೊಟ್ಟಗಾಗುತ್ತದೆ, ಚಕ್ರ ಫ್ರೇಮಿಗೇ ಸಿಕ್ಕಿಕೊಳ್ಳಬಹುದು. 32 ಅಥವಾ 36 ಕಡ್ಡಿಯ ಚಕ್ರದಲ್ಲಿ ಒಂದು ಹೋದರೆ ಬ್ರೇಕನ್ನು ತುಸು ಸಡಿಲಿಸಿಕೊಂಡು ಕಮ್ಮಸಂದ್ರದಿಂದ ಮನೆಗೆ ಬರಬಹುದು. ಬಂದ ಮೇಲೆ ಸಾಮಾನ್ಯ ಬಾಗಿದ ತಲೆಯ ಎರಡು ಮಿಲಿಮೀಟರ್ ಕಡ್ಡಿಯನ್ನು ಉದ್ದ ನೋಡಿ ಯಾವ ಅಂಗಡಿಯವರಾದರೂ ಹಾಕಿಕೊಡುತ್ತಾರೆ. ಹೀಗಾಗಿ ಹಳೆಯ ರೋಡ್ ಬೈಕಿಗೆ ಈ ಕಡೆ ಒಪ್ಪುವ ಚಕ್ರ ತೀರಾ ಸಾದಾ: 622ರ ಜೋಡಿ ಗೋಡೆಯ ಅಲ್ಯೂಮಿನಿಯಂ ರಿಮ್, 32 ಅಥವಾ 36 ಕಡ್ಡಿ, ಬಿಚ್ಚಿ ಗ್ರೀಸ್ ಹಾಕಬಹುದಾದ ಹಬ್. ನೋಡಲು ಹೊಗಳುವಂಥದ್ದೇನಿಲ್ಲ. ಓಡಿಸಲು ಇದಕ್ಕಿಂತ ಬೇಕಾದ್ದೂ ಇಲ್ಲ.

ಹಬ್ ಒಂದು ಕಡೆ, ರಿಮ್ ಒಂದು ಕಡೆ ಕೊಂಡು ಇಲ್ಲೇ ಕಟ್ಟಿಸುವವರು ರಂಧ್ರಗಳನ್ನು ಎಣಿಸಿಕೊಳ್ಳಬೇಕು. ಬ್ರಿಟಿಷರ ಕಾಲದಿಂದ ಬಂದ ಪದ್ಧತಿಯಲ್ಲಿ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. 40 ರಂಧ್ರದ ರಿಮ್ಮಿಗೂ 36 ರಂಧ್ರದ ಹಬ್ಬಿಗೂ ಹೊಂದಾಣಿಕೆ ಆಗದು.

ಬೆಂಗಳೂರಿನಲ್ಲಿ ಬಳಸಿದ ಚಕ್ರಗಳನ್ನು ಹುಡುಕುವವರಿಗೆ ಇದು ಒಳ್ಳೆಯ ಕಾಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2018ರಲ್ಲಿ ರಸ್ತೆ ರೇಸಿಗೆ ಡಿಸ್ಕ್ ಬ್ರೇಕನ್ನು ಪೂರ್ತಿಯಾಗಿ ಒಪ್ಪಿದ ಮೇಲೆ ಹೊಸ ರೋಡ್ ಬೈಕ್‌ಗಳು ಒಂದೊಂದಾಗಿ ಅತ್ತ ಹೊರಳಿದವು. ಹೊಸ ಬೈಕಿಗೆ ಹೋದವರ ಮನೆಯಲ್ಲಿ ರಿಮ್ ಬ್ರೇಕಿನ ಚಕ್ರಗಳು ಮೂಲೆ ಸೇರಿರುತ್ತವೆ. ಕೊಳ್ಳುವ ಮುಂಚೆ ಬ್ರೇಕ್ ತಾಗುವ ಗೋಡೆಯ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ತೂರಿದರೆ ಗೋಡೆ ಸವೆದು ಹಳ್ಳ ಬಿದ್ದಿದೆ ಎಂದರ್ಥ. ಹೆಚ್ಚು ಸವೆದ ಗೋಡೆ ಒಂದು ದಿನ ಟಯರಿನ ಒತ್ತಡಕ್ಕೆ ಸೀಳಿಹೋಗುತ್ತದೆ. ಕಡ್ಡಿಯ ನಿಪ್ಪಲ್ ಕೂರುವ ರಂಧ್ರಗಳ ಸುತ್ತ ಕೂದಲೆಳೆಯ ಬಿರುಕಿದ್ದರೆ ದರ ಎಷ್ಟೇ ಇಳಿಸಿದರೂ ಬೇಡ. ಕಡ್ಡಿಗಳನ್ನು ಬೆರಳಲ್ಲಿ ಮೀಟಿ ನೋಡಬೇಕು. ಒಂದೇ ಪಕ್ಕದವು ಹೆಚ್ಚುಕಮ್ಮಿ ಒಂದೇ ದನಿ ಕೊಡಬೇಕು, ಒಂದು ಮಾತ್ರ ಬೊಬ್ಬೆ ಹೊಡೆದು ಇನ್ನೊಂದು ಸಪ್ಪಗಿದ್ದರೆ ಯಾರೋ ಬಾಗಿದ ರಿಮ್ಮನ್ನು ಎಳೆದು ಕಟ್ಟಿ ನೆಟ್ಟಗೆ ತೋರಿಸುತ್ತಿದ್ದಾರೆ.

ಇನ್ನೊಂದು ಬಲೆ ಇದೆ. ಥಳಥಳಿಸುವ, ಹಗುರವಾದ, ನಂಬಲಾಗದಷ್ಟು ಅಗ್ಗದ ಹಳೆಯ ರೇಸ್ ಚಕ್ರ. ರಿಮ್ಮಿನ ಹೊರಮೈಯಲ್ಲಿ ಎರಡು ಅಂಚಿನ ಗೋಡೆಗಳಿಲ್ಲದೆ ಬರೀ ತಗ್ಗು ಕಾಣಿಸಿದರೆ ಅದು ಟ್ಯೂಬ್ಯುಲರ್. ಅದರಲ್ಲಿ ಟ್ಯೂಬನ್ನು ಟಯರಿನೊಳಗೇ ಇಟ್ಟು ಹೊಲಿದಿರುತ್ತಾರೆ, ಟಯರನ್ನು ರಿಮ್ಮಿಗೆ ಅಂಟಿನಿಂದ ಮೆತ್ತುತ್ತಾರೆ. ಪಂಕ್ಚರಾದರೆ ಅಂಟು ಕೀಳಬೇಕು, ಹೊಲಿಗೆ ಬಿಚ್ಚಬೇಕು, ತೇಪೆ ಹಾಕಿ ಮತ್ತೆ ಹೊಲಿಯಬೇಕು. ವಿಜಯಪುರ, ಬಾಗಲಕೋಟೆಯ ಕಡೆ ರೇಸಿಗೆ ತಯಾರಾಗುವ ಹುಡುಗರಿಗೆ ಅದು ಸರಿಹೋದೀತು. ದಿನಾ ಊರ್ಗಾಂವ್‌ನಿಂದ ಬಂಗಾರಪೇಟೆಗೆ ಹೋಗಿ ಬರುವವರಿಗೆ ಅಲ್ಲ. ಕಾರ್ಬನ್ ರಿಮ್ಮಿನ ಆಸೆಯೂ ಹೀಗೆಯೇ. ನಂದಿಬೆಟ್ಟದಂಥ ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಹಳೆಯ ಕಾರ್ಬನ್ ರಿಮ್ಮುಗಳು ಕಾದು ಕೆಡುತ್ತವೆ.

ಈ ಸೀಮೆಗೇ ಸೇರಿದ ಒಂದು ಶತ್ರುವೂ ಇದೆ. ಗಣಿಯಲ್ಲಿ ಚಿನ್ನ ಅಡಗಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ಹಿಟ್ಟಿನಂತೆ ಅರೆದು, ಸಯನೈಡಿನಲ್ಲಿ ಚಿನ್ನ ತೆಗೆದು, ಉಳಿದದ್ದನ್ನು ಸುರಿಯುತ್ತಾ ಬಂದದ್ದೇ ಇಂದಿನ ಸಯನೈಡ್ ದಿಬ್ಬಗಳು. ಗಾಳಿ ಎದ್ದರೆ ಆ ಪುಡಿ ಊರ ಮೇಲೆಲ್ಲ ಹಾರುತ್ತದೆ. ಗಡಸುತನದ ಮಾನದಲ್ಲಿ ಬೆಣಚು 7, ಅಲ್ಯೂಮಿನಿಯಂ 3ಕ್ಕೂ ಕಮ್ಮಿ. ಬ್ರೇಕ್ ರಬ್ಬರಿಗೆ ಅಂಟಿಕೊಂಡ ಬೆಣಚಿನ ಪುಡಿ ರಿಮ್ಮಿನ ಗೋಡೆಯನ್ನು ಮರಳು ಕಾಗದದಂತೆ ತೀಡುತ್ತದೆ. ಸವಾರಿ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ರಿಮ್, ರಬ್ಬರು ಎರಡನ್ನೂ ಒರೆಸುವವರ ಚಕ್ರ ಹೆಚ್ಚು ಕಾಲ ಬಾಳುತ್ತದೆ. ಹಬ್ ಆರಿಸುವಾಗಲೂ ಗುಂಡುಗಳ ಬಾಯಿಗೆ ರಬ್ಬರ್ ಸೀಲ್ ಇದೆಯೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು.

ಟಯರು ಎಷ್ಟು ದಪ್ಪದ್ದಿರಬೇಕು? ಫ್ರೇಮಿನಲ್ಲಿ ಹಿಡಿಸುವಷ್ಟು ದಪ್ಪ. 28 ಮಿ.ಮೀ. ಹಿಡಿಸಿದರೆ ಉತ್ತಮ, ಕೆಲವು ಹಳೆಯ ರೇಸ್ ಫ್ರೇಮುಗಳು 25ಕ್ಕೇ ಮುಖ ಮುರಿಯುತ್ತವೆ. ಈಗಿನ ರಿಮ್ಮುಗಳ ಒಳ ಅಗಲ ಹೆಚ್ಚಿರುವುದರಿಂದ 25 ಎಂದು ಬರೆದ ಟಯರು ಅವುಗಳ ಮೇಲೆ ಒಂದೆರಡು ಮಿಲಿಮೀಟರ್ ಉಬ್ಬುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಫ್ರೇಮಿಗೂ ಟಯರಿಗೂ ನಡುವೆ ನಾಲ್ಕು ಮಿ.ಮೀ. ಜಾಗ ಬಿಡಬೇಕು. ಕೊಕ್ಕೆಯಂಚು ಇಲ್ಲದ ಹೊಸ ಬಗೆಯ ರಿಮ್ಮುಗಳಿಗೆ ಅವಕ್ಕೆಂದೇ ಮಾಡಿದ ಟಯರು ಬೇಕು, ಒತ್ತಡವೂ 5 ಬಾರ್ ಮೀರಬಾರದು. ಹಳೆಯ ಬೈಕಿನವರು ಅವುಗಳ ಗೊಡವೆಗೆ ಹೋಗದಿರುವುದೇ ಲೇಸು.

ವಾಲ್ವಿನದ್ದು ಸಣ್ಣ ವಿಷಯ, ದಾರಿಯಲ್ಲಿ ನಿಂತಾಗ ಮಾತ್ರ ದೊಡ್ಡದು. ರೋಡ್ ರಿಮ್ಮಿನ ರಂಧ್ರ 6.5 ಮಿ.ಮೀ., ಅದರಲ್ಲಿ ತೆಳುವಾದ ಪ್ರೆಸ್ಟಾ ವಾಲ್ವ್ ಕೂರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಂತ್ರದ ಬಾಯಿ ಸ್ಕೂಟರಿನ ವಾಲ್ವಿಗೆ ಮಾಡಿದ್ದು. ಎರಡನ್ನೂ ಕೂಡಿಸುವ ಹಿತ್ತಾಳೆಯ ಸಣ್ಣ ಅಡಾಪ್ಟರ್ ಜೇಬಿನಲ್ಲಿರಬೇಕು.

ಹೊಸದಾಗಿ ಕಟ್ಟಿಸಿದ ಚಕ್ರ ಮೊದಲ ಕೆಲವು ಸವಾರಿಗಳಲ್ಲಿ ಟಿಣ್ ಟಿಣ್ ಎನ್ನುವುದುಂಟು. ಕಟ್ಟುವಾಗ ಹುರಿಗೊಂಡ ಕಡ್ಡಿಗಳು ತಮ್ಮ ಜಾಗಕ್ಕೆ ಬಂದು ಕೂರುವ ಸದ್ದು ಅದು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಅಂಗಡಿಗೆ ಒಯ್ದು ಮತ್ತೊಮ್ಮೆ ಬೆಂಡ್ ತೆಗೆಸಿ, ಸಡಿಲಾದ ಕಡ್ಡಿಗಳನ್ನು ಬಿಗಿ ಮಾಡಿಸಬೇಕು. ಹಿಂದಿನ ಚಕ್ರದಲ್ಲಿ ಹಲ್ಲುಗಳಿಗೆ ಜಾಗ ಬಿಡಲು ಬಲಗಡೆಯ ಕಡ್ಡಿಗಳು ಎಡಗಡೆಯವಕ್ಕಿಂತ ಒಂದೆರಡು ಮಿಲಿಮೀಟರ್ ಗಿಡ್ಡ, ಬಿಗಿಯೂ ಹೆಚ್ಚು. ಮುರಿಯುವುದೂ ಸಾಮಾನ್ಯವಾಗಿ ಹಿಂದಿನ ಚಕ್ರದ್ದೇ. ಕಟ್ಟಿಸುವ ದಿನವೇ ಎರಡೂ ಉದ್ದದಲ್ಲಿ ಒಂದೆರಡು ಕಡ್ಡಿ ಹೆಚ್ಚಿಗೆ ಕೇಳಿ ಪಡೆದು, ಯಾವುದು ಯಾವ ಪಕ್ಕದ್ದೆಂದು ಚೀಟಿ ಸುತ್ತಿ, ಫ್ರೇಮಿನ ಕೊಳವೆಗೆ ಟೇಪು ಹಾಕಿ ಅಂಟಿಸಿಟ್ಟುಕೊಂಡರೆ ಆಯಿತು.